ಟೀವಿ ಪರದೆಯ ತಳದ ಪಟ್ಟಿ ಹಾಕಿದವರು ಯಾರು?

ರಾತ್ರಿ ಧಾರಾವಾಹಿ ನಡೆಯುತ್ತಿರುತ್ತದೆ. ಪರದೆಯ ತಳದಲ್ಲಿ ಪಟ್ಟಿಯೊಂದು ಬಂದು ನಿಲ್ಲುತ್ತದೆ: ಒಡವೆ ಅಂಗಡಿಯ ರಿಯಾಯಿತಿ, ಹೊಸ ಬಡಾವಣೆಯ ನಿವೇಶನ, ಮಂಡಿ ನೋವಿನ ಎಣ್ಣೆ. ಇದನ್ನು ಹಾಕಿದ್ದು ಯಾರೆಂದು ಹಾಸನದಲ್ಲಿ ಕೇಳಿದರೆ ‘ನಮ್ಮ ಕೇಬಲ್‌ನವರು’ ಎಂಬ ಉತ್ತರ ತಟ್ಟನೆ ಬರುತ್ತದೆ. ಅನಲಾಗ್ ಕಾಲದಲ್ಲಿ ಆ ಉತ್ತರ ಬಹುಮಟ್ಟಿಗೆ ಸರಿಯಾಗಿತ್ತು. ಈಗ ಆ ಪಟ್ಟಿಯನ್ನು ವಾಹಿನಿಯೇ ಹಾಕಿರಬಹುದು, ಬೆಂಗಳೂರಿನ ಹೆಡ್‌ಎಂಡ್ (ಕೇಬಲ್ ಕಂಪನಿ ವಾಹಿನಿಗಳನ್ನೆಲ್ಲ ಹಿಡಿದು ಊರೂರಿಗೆ ಕಳಿಸುವ ಕೇಂದ್ರ) ಹಾಕಿರಬಹುದು, ಊರಿನ ಕಂಟ್ರೋಲ್ ರೂಮ್ ಹಾಕಿರಬಹುದು, ನಿಮ್ಮ ಮನೆಯ ಸೆಟ್‌ಟಾಪ್ ಬಾಕ್ಸೇ ಬರೆದಿರಬಹುದು. ನಾಲ್ಕೂ ನೋಡುವುದಕ್ಕೆ ಒಂದೇ ತರಹ. ಸುಳ್ಳು ಜಾಹೀರಾತಿನ ಮೇಲೆ ದೂರು ಕೊಡಬೇಕೆಂದಾಗ, ಚುನಾವಣೆ ಹತ್ತಿರ ಬಂದಾಗ, ಈ ನಾಲ್ಕರಲ್ಲಿ ಯಾರು ಎನ್ನುವುದೇ ದೊಡ್ಡ ಪ್ರಶ್ನೆಯಾಗುತ್ತದೆ. ಅದನ್ನು ತಿಳಿದುಕೊಳ್ಳುವ ದಾರಿ ದುಡ್ಡು ಕೊಟ್ಟು ನೋಡುವವನಿಗೆ ಇಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಚಿತ್ರ ಬರುವ ದಾರಿಯನ್ನು ಮೊದಲು ನೋಡೋಣ. ಹಾಸನದವರಿಗೆ ಈ ದಾರಿಯ ಒಂದು ತುದಿ ಚೆನ್ನಾಗಿ ಗೊತ್ತು. ಸಾಲಗಾಮೆ ರಸ್ತೆಯಲ್ಲಿರುವ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಎಂಸಿಎಫ್, 1982ರಿಂದ ದೇಶದ ಸಂವಹನ ಉಪಗ್ರಹಗಳನ್ನು ಕಾಯುತ್ತಿದೆ. 2020ರ ಜನವರಿಯಲ್ಲಿ ಉಡಾವಣೆಯಾದ ಜಿಸ್ಯಾಟ್-30 ಉಪಗ್ರಹದ ನಿಯಂತ್ರಣವನ್ನು ವಹಿಸಿಕೊಂಡದ್ದೂ ಇದೇ ಕೇಂದ್ರ. ಎಂಸಿಎಫ್ ನೋಡಿಕೊಳ್ಳುವುದು ಉಪಗ್ರಹದ ಸ್ಥಾನ ಮತ್ತು ಆರೋಗ್ಯವನ್ನು. ಟೀವಿ ಕಾರ್ಯಕ್ರಮಗಳು ಅದರ ಮೂಲಕ ಹಾದುಹೋಗುವುದಿಲ್ಲ. ವಾಹಿನಿಗಳು ತಮ್ಮ ಕಾರ್ಯಕ್ರಮವನ್ನು ಟೆಲಿಪೋರ್ಟ್ ಎಂಬ ನೆಲದ ಕೇಂದ್ರದಿಂದ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಕ್ಕೆ ಕಳಿಸುತ್ತವೆ. ಅಲ್ಲಿಂದ ಇಳಿಯುವ ಸಂಕೇತವನ್ನು ಕೇಬಲ್ ಕಂಪನಿಯ ಹೆಡ್‌ಎಂಡ್‌ನ ದೊಡ್ಡ ಡಿಶ್‌ಗಳು ಹಿಡಿಯುತ್ತವೆ. ಎಷ್ಟೋ ಭಾರತೀಯ ವಾಹಿನಿಗಳು ವಿದೇಶಿ ಉಪಗ್ರಹಗಳ ಮೂಲಕವೂ ಬರುತ್ತವೆ.

ಇಲ್ಲಿಯವರೆಗೆ ಚಿತ್ರ ವಾಹಿನಿಯದು. ಹೆಡ್‌ಎಂಡ್‌ನ ಒಳಗೆ ಬಂದ ಮೇಲೆ ಅದರ ಮೇಲೆ ಬೇರೆಯವರ ಕೈ ಬೀಳುತ್ತದೆ.

ಹೆಡ್‌ಎಂಡ್‌ನ ಒಳಗೆ

ಡಿಶ್‌ನಿಂದ ಬಂದ ಸಂಕೇತ ಮೊದಲು ಐಆರ್‌ಡಿ ಎಂಬ ಪೆಟ್ಟಿಗೆಗೆ ಹೋಗುತ್ತದೆ. ವಾಹಿನಿ ಕೊಟ್ಟ ಕಾರ್ಡು ಅದರೊಳಗೆ ಕೂತು, ವಾಹಿನಿ ಹಾಕಿದ ಗುಪ್ತಲಿಪಿಯ ಬೀಗ ಬಿಚ್ಚುತ್ತದೆ. ಬೀಗ ಬಿಚ್ಚಿಕೊಂಡ ವಾಹಿನಿಗಳೆಲ್ಲ ಮಲ್ಟಿಪ್ಲೆಕ್ಸರ್‌ಗೆ ಬರುತ್ತವೆ. ಬಾಯಿಮಾತಿನಲ್ಲಿ ಎಲ್ಲರೂ ಇದನ್ನು ಮಕ್ಸ್ ಎನ್ನುತ್ತಾರೆ. ಹತ್ತಿಪ್ಪತ್ತು ವಾಹಿನಿಗಳನ್ನು ಒಂದೇ ಹರಿವಾಗಿ ಹೆಣೆಯುವುದು ಇದರ ಕೆಲಸ. ಆಮೇಲೆ ಕಂಪನಿ ತನ್ನದೇ ಬೀಗ ಹಾಕುತ್ತದೆ. ಮಾಡ್ಯುಲೇಟರ್ ಅದನ್ನು 8 ಮೆಗಾಹರ್ಟ್ಸ್ ಅಗಲದ ಆವರ್ತನಕ್ಕೆ ಕೂರಿಸುತ್ತದೆ. ಅದು ಫೈಬರ್‌ನಲ್ಲಿ ಜಿಲ್ಲೆಗೆ ಬಂದು, ನೋಡ್, ಆಂಪ್ಲಿಫೈಯರ್, ಕಂಬ, ಮರ ಎಲ್ಲ ದಾಟಿ ನಿಮ್ಮ ಮನೆಯ ಬಾಕ್ಸ್ ಮುಟ್ಟುತ್ತದೆ.

ಮಕ್ಸ್‌ನಲ್ಲಿ ನಡೆಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಡಿಜಿಟಲ್ ಚಿತ್ರ ಹರಿಯುವುದು 188 ಬೈಟ್‌ಗಳ ಪುಟ್ಟ ಪ್ಯಾಕೆಟ್‌ಗಳಾಗಿ. ಭಾರತದ ಕೇಬಲ್‌ನಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ 64 ಕ್ಯಾಮ್ ಎಂಬ, ಸಂಕೇತವನ್ನು ಆವರ್ತನಕ್ಕೆ ಕೂರಿಸುವ ವಿಧಾನದಲ್ಲಿ ಒಂದು ಆವರ್ತನ ಸೆಕೆಂಡಿಗೆ ಸುಮಾರು 38 ಮೆಗಾಬಿಟ್ ಒಯ್ಯುತ್ತದೆ. ಲೆಕ್ಕ ಹಾಕಿದರೆ ಪ್ರತಿ ಸೆಕೆಂಡಿಗೆ 25,000ಕ್ಕೂ ಹೆಚ್ಚು ಪ್ಯಾಕೆಟ್. ಪ್ರತಿಯೊಂದು ಪ್ಯಾಕೆಟ್‌ನ ತಲೆಯ ಮೇಲೂ 0ಯಿಂದ 8191ರೊಳಗಿನ ಒಂದು ಸಂಖ್ಯೆ ಇರುತ್ತದೆ. ಇದು ಯಾವ ವಾಹಿನಿಯ ಚಿತ್ರ, ಇದು ಯಾವುದರ ಧ್ವನಿ ಎಂದು ಬಾಕ್ಸ್ ಗುರುತಿಸುವುದು ಆ ಸಂಖ್ಯೆಯಿಂದಲೇ. 8191 ಎಂಬ ಸಂಖ್ಯೆ ಹೊತ್ತ ಪ್ಯಾಕೆಟ್ ಖಾಲಿ. ಹರಿವಿನ ವೇಗ ಒಂದೇ ಸಮ ಇರಬೇಕಾದ್ದರಿಂದ ಕಳಿಸಲು ಏನೂ ಇಲ್ಲದ ಗಳಿಗೆಯಲ್ಲಿ ಈ ಖಾಲಿ ಪ್ಯಾಕೆಟ್ ಹೋಗುತ್ತಿರುತ್ತದೆ. ಹಾಸನದಿಂದ ಬೇಲೂರಿಗೆ ಹೊರಟ ಬಸ್ಸಿನ ಖಾಲಿ ಸೀಟಿನಲ್ಲಿ ನಡುದಾರಿಯಲ್ಲಿ ಹತ್ತಿದವರು ಕೂರುವಂತೆ, ಮಕ್ಸ್ ಈ ಖಾಲಿ ಪ್ಯಾಕೆಟ್‌ಗಳನ್ನು ತೆಗೆದು ಅಲ್ಲಿ ಹೊಸ ವಾಹಿನಿಯ ಪ್ಯಾಕೆಟ್‌ಗಳನ್ನು ಕೂರಿಸುತ್ತದೆ.

ಸ್ಥಳೀಯ ವಾಹಿನಿ ನಿಮ್ಮ ಮನೆಗೆ ಬರುವುದು ಹೀಗೆ. ಒಂದು ಕೋಣೆ, ಒಂದು ಕಂಪ್ಯೂಟರ್. ಬೆಳಿಗ್ಗೆಯ ಸುದ್ದಿ, ಮಧ್ಯಾಹ್ನದ ಹಳೆಯ ಕಾರ್ಯಕ್ರಮ, ನಡುನಡುವೆ ಜಾಹೀರಾತು ಎಂದು ಪಟ್ಟಿ ಮಾಡಿಟ್ಟರೆ ಅದು ಸಾಲಾಗಿ ಓಡಿಸುತ್ತದೆ. ಎನ್‌ಕೋಡರ್ ಎಂಬ ಪೆಟ್ಟಿಗೆ ಆ ಚಿತ್ರವನ್ನು ಸಂಕುಚಿಸುತ್ತದೆ. ಮಕ್ಸ್ ಅದನ್ನು ಹರಿವಿಗೆ ಸೇರಿಸಿ, ಹರಿವಿನ ಜೊತೆಗೇ ಹೋಗುವ ಕೋಷ್ಟಕಗಳಲ್ಲಿ ಅದರ ಹೆಸರನ್ನೂ ವಾಹಿನಿ ಸಂಖ್ಯೆಯನ್ನೂ ಬರೆಯುತ್ತದೆ. ಕೋಷ್ಟಕದಲ್ಲಿ ಹೆಸರಿಲ್ಲದಿದ್ದರೆ ಚಿತ್ರ ಮನೆಯ ಬಾಗಿಲಿಗೆ ಬಂದರೂ ಬಾಕ್ಸ್‌ಗೆ ಅದು ಕಾಣುವುದಿಲ್ಲ. ಹೊಸ ವಾಹಿನಿ ಬಂದಾಗ ‘ಒಂದು ಸಲ ಸ್ಕ್ಯಾನ್ ಮಾಡಿ’ ಎಂದು ಕೇಬಲ್‌ನವರು ಹೇಳುವುದು ಇದಕ್ಕೇ.

ಪ್ರತ್ಯೇಕ ವಾಹಿನಿ ಸೇರಿಸುವುದು ಸುಲಭ. ಓಡುತ್ತಿರುವ ವಾಹಿನಿಯ ನಡುವೆ ಒಂದು ಜಾಹೀರಾತು ತೆಗೆದು ಇನ್ನೊಂದನ್ನು ಇಡುವುದು ನಿಜಕ್ಕೂ ಕಷ್ಟದ ಕೆಲಸ. ಸಂಕುಚಿಸಿದ ವಿಡಿಯೋದಲ್ಲಿ ಎಲ್ಲ ಚೌಕಟ್ಟುಗಳೂ ಸ್ವತಂತ್ರವಲ್ಲ. ನಮ್ಮಲ್ಲಿ ಸೆಕೆಂಡಿಗೆ 25 ಚೌಕಟ್ಟು. ಅವುಗಳಲ್ಲಿ ಆಗೊಂದು ಈಗೊಂದು ಮಾತ್ರ ಪೂರ್ಣ ಚಿತ್ರ. ಉಳಿದವು ‘ಹಿಂದಿನದಕ್ಕಿಂತ ಇಷ್ಟು ಬದಲಾಗಿದೆ’ ಎಂಬ ವ್ಯತ್ಯಾಸವನ್ನಷ್ಟೇ ಹೊತ್ತಿರುತ್ತವೆ. ಎಲ್ಲೆಂದರಲ್ಲಿ ಕತ್ತರಿಸಿದರೆ ಬಾಕ್ಸ್ ಹಳೆಯ ಚಿತ್ರದ ಮೇಲೆ ಹೊಸ ವ್ಯತ್ಯಾಸ ಬಳಿದು ಮುಖವನ್ನೆಲ್ಲ ಚೌಕಚೌಕ ಮಾಡುತ್ತದೆ. ಆದ್ದರಿಂದ ಪೂರ್ಣ ಚಿತ್ರ ಬರುವ ಜಾಗದಲ್ಲೇ ಕತ್ತರಿಸಬೇಕು, ಸೇರಿಸುವ ಜಾಹೀರಾತೂ ಪೂರ್ಣ ಚಿತ್ರದಿಂದಲೇ ಆರಂಭವಾಗಬೇಕು, ಗಡಿಯಾರದ ಗುರುತುಗಳು ತಾಳೆಯಾಗಬೇಕು.

ಇದಕ್ಕಾಗಿ ಎಸ್‌ಸಿಟಿಇ-35 ಎಂಬ ಮಾನದಂಡ ಇದೆ. ವಾಹಿನಿ ತನ್ನ ಹರಿವಿನೊಳಗೇ ಕಣ್ಣಿಗೆ ಕಾಣದ ಸಂದೇಶ ಕಳಿಸುತ್ತದೆ: ಇಂಥ ಗಳಿಗೆಯಲ್ಲಿ ನನ್ನಿಂದ ಆಚೆ ಹೋಗು, ಇಷ್ಟು ಸೆಕೆಂಡ್ ಆದ ಮೇಲೆ ವಾಪಸ್ ಬಾ. ಸೆಕೆಂಡಿಗೆ 90,000 ಸಲ ಮಿಡಿಯುವ ಗಡಿಯಾರದ ಲೆಕ್ಕದಲ್ಲಿ ಆ ಗಳಿಗೆ ಗೊತ್ತಾಗಿರುತ್ತದೆ. ಸಂದೇಶ ಕೆಲವು ಸೆಕೆಂಡ್ ಮುಂಚೆಯೇ ತಲುಪುವುದರಿಂದ ಹೆಡ್‌ಎಂಡ್‌ನ ಉಪಕರಣ ತಯಾರಾಗಿ ನಿಂತಿರುತ್ತದೆ. ನಮ್ಮ ದೇಶದಲ್ಲಿ ಇಂಥ ಪ್ರಾದೇಶಿಕ ಜಾಹೀರಾತನ್ನು ವ್ಯವಹಾರವಾಗಿ ಬೆಳೆಸಿದವರಲ್ಲಿ ಪ್ರಮುಖರು 2008ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅಮಾಗಿ ಸಂಸ್ಥೆಯವರು. ಒಂದೇ ವಾಹಿನಿ, ಒಂದೇ ಬಿಡುವು, ಒಂದು ಪ್ರದೇಶದಲ್ಲಿ ಒಂದು ಜಾಹೀರಾತು, ಇನ್ನೊಂದರಲ್ಲಿ ಬೇರೆ. ಅಲ್ಲಿ ವಾಹಿನಿಯ ಒಪ್ಪಿಗೆ ಇರುತ್ತದೆ, ಹಣದ ಲೆಕ್ಕ ಇರುತ್ತದೆ, ಕತ್ತರಿಸುವ ಜಾಗವನ್ನು ವಾಹಿನಿಯೇ ತೋರಿಸಿಕೊಟ್ಟಿರುತ್ತದೆ. ನನಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ತಪ್ಪು ಹೊಕ್ಕುವುದು ಈ ಒಪ್ಪಿಗೆಯ ಹೊರಗೆ.

ನಾಲ್ಕನೆಯ ಕೈ: ನಿಮ್ಮ ಮನೆಯ ಬಾಕ್ಸ್

ಕ್ರಿಕೆಟ್ ನೋಡುವಾಗ ಪರದೆಯ ಮೂಲೆಯಲ್ಲಿ ಉದ್ದನೆಯ ಸಂಖ್ಯೆಯೊಂದು ಫಕ್ಕನೆ ಮೂಡಿ ಮರೆಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಅದು ನಿಮ್ಮದೇ ಬಾಕ್ಸಿನ ಅಥವಾ ಕಾರ್ಡಿನ ಗುರುತು. ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ ಬೇರೆ ಸಂಖ್ಯೆ ಮೂಡಿರುತ್ತದೆ. ಯಾರಾದರೂ ಪಂದ್ಯವನ್ನು ಕದ್ದು ಬೇರೆಡೆ ಹರಿಯಬಿಟ್ಟರೆ ಯಾವ ಬಾಕ್ಸಿನಿಂದ ಕದ್ದದ್ದು ಎಂದು ಹಿಡಿಯುವುದಕ್ಕೆ ಈ ಫಿಂಗರ್‌ಪ್ರಿಂಟ್. ಆ ಅಂಕಿಗಳು ಉಪಗ್ರಹದಿಂದ ಬಂದ ಚಿತ್ರದಲ್ಲಿ ಇರಲಿಲ್ಲ. ಹೆಡ್‌ಎಂಡ್‌ನಿಂದ ಆದೇಶ ಬಂತು, ನಿಮ್ಮ ಬಾಕ್ಸ್ ಅದನ್ನು ಚಿತ್ರದ ಮೇಲೆ ಬರೆಯಿತು. ದೂರಸಂಪರ್ಕ ಮತ್ತು ಕೇಬಲ್ ಸೇವೆಗಳ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2017ರ ನಿಯಮಾವಳಿ ಈ ಸಾಮರ್ಥ್ಯ ಎಲ್ಲ ಬಾಕ್ಸ್‌ಗಳಲ್ಲೂ ಇರಲೇಬೇಕೆನ್ನುತ್ತದೆ. ಸಂದೇಶ ತೋರಿಸುವ ಸಾಮರ್ಥ್ಯವೂ ಕಡ್ಡಾಯ. ‘ನಿಮ್ಮ ಪ್ಯಾಕ್ ನಾಳೆ ಮುಗಿಯುತ್ತದೆ’ ಎಂಬ ಸಂದೇಶ ಬರುವುದು ಇದೇ ಹಾದಿಯಲ್ಲಿ. ಕಳ್ಳತನ ತಡೆಯಲು ತೆರೆದ ಈ ಹಾದಿಯಲ್ಲಿ ಜಾಹೀರಾತೂ ಬರಬಹುದು. ವಾಹಿನಿ ಬದಲಿಸಿದಾಗ ಹೆಸರಿನ ಪಕ್ಕದಲ್ಲಿ ಮೂಡುವ ಬಣ್ಣದ ಚೌಕವನ್ನು ಗಮನಿಸಿ.

ಬಾಕ್ಸ್ ಆನ್ ಮಾಡಿದ ತಕ್ಷಣ ಯಾವ ವಾಹಿನಿ ಕಾಣಬೇಕು ಎಂಬುದೂ ಮಾರಾಟಕ್ಕಿರುವ ಜಾಗವೇ. ತಾವಾಗಿ ಆರಿಸದ ವಾಹಿನಿಯನ್ನು ಜನ ಕೆಲವು ಗಳಿಗೆಯಾದರೂ ನೋಡಲೇಬೇಕಾಗುವುದರಿಂದ ವೀಕ್ಷಕರ ಎಣಿಕೆ ಉಬ್ಬುತ್ತದೆ. 2018ರಲ್ಲಿ ಟ್ರಾಯ್ ಇದಕ್ಕೆ ತಡೆಯೊಡ್ಡಿತು. 2019ರಲ್ಲಿ ದೂರಸಂಪರ್ಕ ನ್ಯಾಯಮಂಡಳಿ ಆ ಆದೇಶವನ್ನು ರದ್ದುಮಾಡಿತು.

ಕೈ ಊರಿನಿಂದ ಬೆಂಗಳೂರಿಗೆ ಹೋದದ್ದು

ಅನಲಾಗ್ ಕಾಲದ ಕಂಟ್ರೋಲ್ ರೂಮ್‌ನಲ್ಲಿ ಚಿತ್ರಕ್ಕೆ ಬೀಗ ಇರಲಿಲ್ಲ. ಡಿಶ್‌ನಿಂದ ಬಂದ ವಾಹಿನಿಯ ಮೇಲೆ ಒಂದು ಕಂಪ್ಯೂಟರ್‌ನಿಂದ ಅಕ್ಷರ ಓಡಿಸಿ ಹಾಗೇ ತಂತಿಗೆ ಬಿಡಬಹುದಿತ್ತು. ಊರ ಹಬ್ಬದ ಶುಭಾಶಯ, ಕಳೆದುಹೋದ ಎಮ್ಮೆ, ತೀರಿಕೊಂಡವರ ವೈಕುಂಠ ಸಮಾರಾಧನೆಯ ಆಮಂತ್ರಣ, ಎಲ್ಲವೂ ಹಾಗೆ ಓಡಿದವೇ. ಹಾಕಿದವನು ಕಣ್ಣೆದುರಿಗಿದ್ದ. ‘ಏನಯ್ಯಾ, ಸಿನಿಮಾದ ಮೇಲೆಲ್ಲ ಬರೆದುಬಿಟ್ಟಿದ್ದೀಯಲ್ಲ’ ಎಂದು ತಿಂಗಳ ದುಡ್ಡು ಕೇಳಲು ಬಂದಾಗ ಬೈಯಬಹುದಿತ್ತು. ಬೈದರೆ ಕೆಲಸವಾಗುತ್ತಿತ್ತು.

2011ರಲ್ಲಿ ಕೇಬಲ್ ಕಾಯ್ದೆಗೆ ತಂದ ತಿದ್ದುಪಡಿಯಿಂದ ಡಿಜಿಟಲ್ ವ್ಯವಸ್ಥೆ ಕಡ್ಡಾಯವಾಯಿತು. ಬೆಂಗಳೂರು, ಮೈಸೂರು ಎರಡನೇ ಹಂತದಲ್ಲಿ, 2013ರ ಮಾರ್ಚ್ 31ರ ಗಡುವಿನೊಳಗೆ ಬದಲಾಗಬೇಕಿತ್ತು. ಹಾಸನ, ಚಿಕ್ಕಮಗಳೂರಿನಂಥ ಪಟ್ಟಣಗಳಿಗೆ ಮೂರನೇ ಹಂತ, ಗಡುವು 2015ರ ಡಿಸೆಂಬರ್ 31. ಹಳ್ಳಿಗಳಿಗೆ ಅದರ ನಂತರ. ಮುಂದೂಡಿಕೆಗಳೆಲ್ಲ ಮುಗಿದು 2017ರ ಮಾರ್ಚ್ 31ಕ್ಕೆ ಕೊನೆಯ ಗಡುವು ನಿಂತಿತು. ಚಿತ್ರ ಸ್ವಚ್ಛವಾಯಿತು, ವಾಹಿನಿಗಳು ಹೆಚ್ಚಾದವು. ಅದರ ಜೊತೆಗೇ ಬೀಗದ ಕೈ ಊರಿನಿಂದ ಹೋಯಿತು. ಈಗ ಸಕಲೇಶಪುರದ ಅಥವಾ ಮೂಡಿಗೆರೆಯ ಕೇಬಲ್‌ನವರ ಕೈಗೆ ಬರುವ ಪಾವತಿ ವಾಹಿನಿಗಳು ಬೀಗ ಹಾಕಿಕೊಂಡೇ ಬರುತ್ತವೆ. ಅದರ ಮೇಲೆ ಅಕ್ಷರ ಬರೆಯಬೇಕಾದರೆ ಮೊದಲು ಬೀಗ ಬಿಚ್ಚಬೇಕು, ಮತ್ತೆ ಎನ್‌ಕೋಡ್ ಮಾಡಬೇಕು. ಅದಕ್ಕೆ ಅನುಮತಿಯೂ ಇಲ್ಲ, ಮಾಡಿದರೆ ಚಿತ್ರವೂ ಮಂಕಾಗುತ್ತದೆ. ಅಂದರೆ ದೊಡ್ಡ ವಾಹಿನಿಯ ಚಿತ್ರವನ್ನು ಮುಟ್ಟುವ ಶಕ್ತಿ ಈಗ ಮುಖ್ಯವಾಗಿ ಹೆಡ್‌ಎಂಡ್ ನಡೆಸುವ ಎಂಎಸ್‌ಒ ಕಂಪನಿಗಳ ಬಳಿ ಇದೆ. ಬೈಗುಳ ಮಾತ್ರ ಹಳೆಯ ವಿಳಾಸಕ್ಕೇ ಹೋಗುತ್ತಿದೆ. ಬೀದಿಯ ಕೇಬಲ್‌ನವನಿಗೆ ತಾನು ಹಾಕದ ಪಟ್ಟಿಗೆ ಉತ್ತರ ಕೊಡಬೇಕಾದ ಪಾಡು.

ಅವನ ದುಡ್ಡಿನ ಲೆಕ್ಕವನ್ನೂ ನೋಡಬೇಕು. 2019ರಲ್ಲಿ ಜಾರಿಗೆ ಬಂದ ದರ ವ್ಯವಸ್ಥೆಯಲ್ಲಿ ತೆರಿಗೆ ಬಿಟ್ಟು 130 ರೂಪಾಯಿ ಜಾಲ ಶುಲ್ಕದ ಮಿತಿ ಇತ್ತು. ಎಂಎಸ್‌ಒ ಮತ್ತು ಕೇಬಲ್‌ನವರ ನಡುವೆ ಬೇರೆ ಒಪ್ಪಂದವಾಗದಿದ್ದರೆ 55ಕ್ಕೆ 45ರ ಹಂಚಿಕೆ. ಹಾಗೆ ನೋಡಿದರೆ ಮನೆಯೊಂದಕ್ಕೆ ತಿಂಗಳಿಗೆ 58 ರೂಪಾಯಿ ಚಿಲ್ಲರೆ, ಅದರ ಮೇಲೆ ಪಾವತಿ ವಾಹಿನಿಗಳ ಕಮಿಷನ್ನಿನಲ್ಲಿ ಒಂದು ಪಾಲು. 2024ರಲ್ಲಿ ಟ್ರಾಯ್ ಆ ಮಿತಿಯನ್ನು ತೆಗೆದು ಶುಲ್ಕವನ್ನು ಕಂಪನಿಗಳಿಗೇ ಬಿಟ್ಟಿತು. ಆದರೆ ಜನ ಮೊಬೈಲ್ ಕಡೆಗೆ ಹೊರಟಿರುವಾಗ ದರ ಏರಿಸುವ ಧೈರ್ಯ ಯಾರಿಗೆ? ಮಲೆನಾಡಿನಲ್ಲಿ ಮಳೆಗಾಲ ಹಿಡಿದರೆ ಸಿಲ್ವರ್ ಓಕ್ ಕೊಂಬೆ ಬಿದ್ದು ತಂತಿ ಹರಿಯುತ್ತದೆ, ಸಿಡಿಲಿಗೆ ಆಂಪ್ಲಿಫೈಯರ್ ಸುಡುತ್ತದೆ, ಕರೆಂಟ್ ಇಲ್ಲದಾಗ ನೋಡ್‌ಗೆ ಬ್ಯಾಟರಿ ಬೇಕು. ಇಷ್ಟರಲ್ಲಿ ಬದುಕುವವರಿಗೆ ಸ್ಥಳೀಯ ಜಾಹೀರಾತು ಅನಿವಾರ್ಯ. ಅದನ್ನು ನಿಲ್ಲಿಸಬೇಕೆಂದು ನಾನು ಹೇಳುವುದಿಲ್ಲ.

ನಿಯಮ ಇದೆ, ವಿಳಾಸ ಇಲ್ಲ

ಕಾನೂನು ಈ ವಿಷಯದಲ್ಲಿ ಮೂಕವಾಗಿಲ್ಲ. ಕೇಬಲ್ ಟೆಲಿವಿಷನ್ ಜಾಲ ನಿಯಮಗಳು, 1994ರ ಏಳನೇ ನಿಯಮವನ್ನು ಓದಿದರೆ ಆಶ್ಚರ್ಯವಾಗುತ್ತದೆ. ಜಾಹೀರಾತು ಕಾರ್ಯಕ್ರಮದಿಂದ ಸ್ಪಷ್ಟವಾಗಿ ಬೇರೆಯಾಗಿ ಕಾಣಬೇಕು, ಕಾರ್ಯಕ್ರಮಕ್ಕೆ ಅಡ್ಡಬರಬಾರದು ಎನ್ನುತ್ತದೆ ಅದು. ಪರದೆಯ ಕೆಳಭಾಗದಲ್ಲಿ ನಿಂತ ಅಥವಾ ಓಡುವ ಬರಹ ಹಾಕುವುದನ್ನೇ ಅಡ್ಡಬರುವುದಕ್ಕೆ ಉದಾಹರಣೆಯಾಗಿ ಕೊಡುತ್ತದೆ. ಗಂಟೆಗೆ 12 ನಿಮಿಷದ ಜಾಹೀರಾತು ಮಿತಿಯೂ ಅದೇ ನಿಯಮದಲ್ಲಿದೆ. ಅಂದರೆ ನಾವು ಪ್ರತಿ ಸಂಜೆ ನೋಡುವ ಪಟ್ಟಿ, ಹಾಕಿದವರು ಯಾರೇ ಆಗಿರಲಿ, ಈ ನಿಯಮದ ಎದುರು ನಿಲ್ಲುವುದಿಲ್ಲ. ದೊಡ್ಡ ವಾಹಿನಿಗಳೇ ಚಿತ್ರವನ್ನು ಕುಗ್ಗಿಸಿ ಎಲ್ ಆಕಾರದಲ್ಲಿ ಜಾಹೀರಾತು ಸುತ್ತುತ್ತವೆ.

ವಾಹಿನಿ ಮತ್ತು ಎಂಎಸ್‌ಒ ನಡುವಿನ ಒಪ್ಪಂದಗಳಲ್ಲಿ ಚಿತ್ರವನ್ನು ಕತ್ತರಿಸಬಾರದು, ಮೇಲೆ ಏನನ್ನೂ ಹೇರಬಾರದು ಎಂಬ ಷರತ್ತು ಸಾಮಾನ್ಯ. ಆದರೆ ಅದು ಆ ಇಬ್ಬರ ನಡುವಿನ ಮಾತು. ಮುರಿದರೆ ಕೇಳುವ ಹಕ್ಕು ವಾಹಿನಿಗೆ, ದುಡ್ಡು ಕೊಡುವ ನಿಮಗಲ್ಲ. ವಾಹಿನಿ ಸುಮ್ಮನಿದ್ದರೆ ಅಲ್ಲಿಗೆ ಮುಗಿಯಿತು.

ಸ್ಥಳೀಯ ವಾಹಿನಿಗಳ ವಿಷಯದಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ ಒಳ್ಳೆಯ ಹೆಜ್ಜೆ. ಎಂಎಸ್‌ಒ ತಾನೇ ನಡೆಸುವ ವಾಹಿನಿಗಳಿಗೆ ಅದು ‘ಪ್ಲಾಟ್‌ಫಾರ್ಮ್ ಸೇವೆ’ ಎಂದು ಹೆಸರಿಟ್ಟಿತು. ಒಂದು ವಾಹಿನಿಗೆ 1,000 ರೂಪಾಯಿ ನೋಂದಣಿ ಶುಲ್ಕ. ಒಟ್ಟು ವಾಹಿನಿ ಸಾಮರ್ಥ್ಯದ ಶೇ. 5ರ ಮಿತಿ, ಅದಕ್ಕೆ ಮೇಲಾಗಿ ಜಿಲ್ಲೆಗೆ ಎರಡು. ಪರದೆಯ ಮೇಲೆ ‘ಪ್ಲಾಟ್‌ಫಾರ್ಮ್ ಸೇವೆ’ ಎಂಬ ಗುರುತು ಇರಬೇಕು, ಪ್ರಸಾರವಾದ ಕಾರ್ಯಕ್ರಮಗಳ ರೆಕಾರ್ಡಿಂಗನ್ನು 90 ದಿನ ಇಟ್ಟುಕೊಳ್ಳಬೇಕು. ಸ್ಥಳೀಯ ಸುದ್ದಿ ಕೊಡಬೇಕಾದರೆ ನಡೆಸುವವರು ಕಂಪನಿಯಾಗಿ ನೋಂದಾಯಿಸಿರಬೇಕು. ಒಂದು ಜಾಲದ ಇಂಥ ಕಾರ್ಯಕ್ರಮವನ್ನು ಇನ್ನೊಂದು ಜಾಲಕ್ಕೆ ಕೊಡುವಂತಿಲ್ಲ, ಆದರೆ ಪೂಜಾಸ್ಥಳಗಳ ನೇರಪ್ರಸಾರಕ್ಕೆ ವಿನಾಯಿತಿ ಇದೆ. ಆಶ್ವಯುಜದಲ್ಲಿ ವರ್ಷಕ್ಕೊಮ್ಮೆ ಹಾಸನಾಂಬೆಯ ಗರ್ಭಗುಡಿ ತೆರೆದಾಗ ಈ ವಿನಾಯಿತಿಯ ಬೆಲೆ ನಮಗೆ ತಿಳಿಯುತ್ತದೆ. ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲಲಾರದ ವಯಸ್ಸಾದವರಿಗೆ ಟೀವಿಯಲ್ಲೇ ದರ್ಶನ.

ಈ ಮಾರ್ಗಸೂಚಿ ಪ್ರತ್ಯೇಕ ವಾಹಿನಿಯನ್ನು ಕುರಿತದ್ದು. ಗುರುತು, ದಾಖಲೆ, ನೋಂದಣಿ ಎಲ್ಲವೂ ಆ ವಾಹಿನಿಗೆ. ಬೇರೆಯವರ ವಾಹಿನಿಯ ಮೇಲೆ ಕೂತ ಪಟ್ಟಿಗೆ, ಬಾಕ್ಸ್ ಬರೆದ ಚೌಕಕ್ಕೆ ಯಾರ ಹೆಸರೂ ಇಲ್ಲ. ಚುನಾವಣೆಯ ಸಮಯದಲ್ಲಿ ಇದು ಗಂಭೀರ. ಟೀವಿ ಮತ್ತು ಕೇಬಲ್‌ನಲ್ಲಿ ಬರುವ ರಾಜಕೀಯ ಜಾಹೀರಾತಿಗೆ ಮುಂಚಿತ ಪ್ರಮಾಣಪತ್ರ ಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿದೆ. ಜಿಲ್ಲಾ ಮಟ್ಟದಲ್ಲಿ ಎಂಸಿಎಂಸಿ, ಅಂದರೆ ಮಾಧ್ಯಮ ಪ್ರಮಾಣೀಕರಣ ಮತ್ತು ನಿಗಾ ಸಮಿತಿ, ಅದನ್ನು ನೋಡಿಕೊಳ್ಳುತ್ತದೆ. ಆದರೆ ಸಮಿತಿಯ ಸಿಬ್ಬಂದಿ ನೋಡುತ್ತಾ ಕೂರುವುದು ತಮ್ಮ ಕಚೇರಿಯ ಟೀವಿಯನ್ನು. ಬಾಕ್ಸ್‌ಗಳಿಗೆ ಬೇರೆ ಬೇರೆಯಾಗಿ ಸಂದೇಶ ಕಳಿಸಬಹುದಾದ ತಂತ್ರಜ್ಞಾನದಲ್ಲಿ ಅರಸೀಕೆರೆಯ ಒಂದು ಬಡಾವಣೆಯ ಪರದೆಯ ಮೇಲೆ ಮೂಡಿದ್ದು ಹಾಸನದ ಕಚೇರಿಯ ಪರದೆಯ ಮೇಲೆ ಮೂಡಲೇಬೇಕೆಂದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಪಟ್ಟಿ ಯಾರದೋ ಅವರ ಗುರುತು ಪಟ್ಟಿಯ ಮೇಲೆಯೇ ಇರಲಿ: ವಾಹಿನಿ, ಎಂಎಸ್‌ಒ ಅಥವಾ ಸ್ಥಳೀಯ. ಬಾಕ್ಸ್‌ಗೆ ಕಳಿಸಿದ ಪ್ರತಿ ಜಾಹೀರಾತು ಸಂದೇಶ ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಪ್ರದೇಶಕ್ಕೆ ಹೋಯಿತು ಎಂಬ ದಾಖಲೆಯನ್ನು ಅದೇ 90 ದಿನ ಇಡಲಿ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಯಾವ ಬಾಕ್ಸ್‌ಗೆ ಏನು ಆದೇಶ ಹೋಯಿತು ಎಂಬ ಲೆಕ್ಕ ಇಡದೆ ಈ ವ್ಯವಸ್ಥೆ ನಡೆಯುವುದೇ ಇಲ್ಲ.

ಇದೇ ಹಾದಿಯನ್ನು ಊರಿಗೆ ಬೇಕಾದದ್ದಕ್ಕೆ ಬಳಸಬಹುದೆಂಬ ಆಸೆಯೂ ನನಗಿದೆ. 2024ರ ಜುಲೈ ಮಳೆಯಲ್ಲಿ ಸಕಲೇಶಪುರದ ದೊಡ್ಡತಪ್ಪಲು ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿಯ ದಾರಿ ನಿಂತಿತು. ಜೋರು ಮಳೆಯ ಬೆಳಿಗ್ಗೆ ಶಾಲೆಗೆ ರಜೆ ಇದೆಯೋ ಇಲ್ಲವೋ ಎಂದು ತಾಯಂದಿರು ವಾಟ್ಸ್‌ಆ್ಯಪ್‌ನಲ್ಲಿ ಹುಡುಕುತ್ತಾರೆ, ಕಳೆದ ವರ್ಷದ ಆದೇಶವನ್ನು ಯಾರೋ ಮತ್ತೆ ಹರಿಬಿಟ್ಟಿರುತ್ತಾರೆ. ಆಲೂರು, ಸಕಲೇಶಪುರ, ಬೇಲೂರಿನ ತೋಟಗಳಲ್ಲಿ ಆನೆ ಹಿಂಡು ಎಲ್ಲಿದೆ ಎಂದು ಅರಣ್ಯ ಇಲಾಖೆ ಮೊಬೈಲ್ ಸಂದೇಶ ಕಳಿಸುತ್ತದೆ. ಕಾಫಿ ತೋಟದ ಲೈನ್ ಮನೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗದ ಕಡೆಯೂ ಕೇಬಲ್ ತಂತಿ ಹೋಗಿರುವುದುಂಟು. ಪ್ರದೇಶವನ್ನು ಆರಿಸಿ ಬಾಕ್ಸ್‌ನ ಮೇಲೆ ಬರೆಯುವ ಶಕ್ತಿ ಎಣ್ಣೆ ಮಾರುವುದಕ್ಕೆ ಇದೆಯೆಂದಾದರೆ, ಕತ್ತಲಾದ ಮೇಲೆ ಆ ದಾರಿಯಲ್ಲಿ ಹೋಗಬೇಡಿ ಎಂದು ಹೇಳುವುದಕ್ಕೂ ಇದೆ. ಜಿಲ್ಲಾಡಳಿತ ಮತ್ತು ಎಂಎಸ್‌ಒಗಳು ಕೂತು ಮಾತಾಡಿದರೆ ಆಗುವ ಕೆಲಸ ಇದು.

ಅಲ್ಲಿಯವರೆಗೆ, ಪಟ್ಟಿ ಯಾರದೆಂದು ನೀವೇ ಊಹಿಸಲು ಕೆಲವು ಗುರುತುಗಳಿವೆ. ಮಳೆಗೆ ಸಿಗ್ನಲ್ ಕೆಟ್ಟು ಚಿತ್ರ ಚೌಕಚೌಕವಾದಾಗ ಪಟ್ಟಿಯೂ ಒಡೆದರೆ ಅದು ಚಿತ್ರದೊಳಗೇ ಸೇರಿಕೊಂಡು ಬಂದದ್ದು. ಚಿತ್ರ ಒಡೆದರೂ ಪಟ್ಟಿಯ ಅಕ್ಷರ ಚೊಕ್ಕವಾಗಿ ನಿಂತಿದ್ದರೆ ಅದು ನಿಮ್ಮ ಬಾಕ್ಸ್ ಬರೆದದ್ದು. ವಾಹಿನಿ ಬದಲಿಸಿದರೂ ಅದೇ ಜಾಗದಲ್ಲಿ ಕೂತಿದ್ದರೆ ಅನುಮಾನವೇ ಬೇಡ. ಚಿತ್ರದೊಳಗೇ ಬಂದದ್ದಾದರೆ, ಅದೇ ಹೊತ್ತಿಗೆ ಡಿಟಿಎಚ್ ಇರುವ ಪಕ್ಕದ ಮನೆಯಲ್ಲಿ ನೋಡಿ. ಅಲ್ಲೂ ಇದ್ದರೆ ವಾಹಿನಿಯದು, ಇಲ್ಲದಿದ್ದರೆ ಬಹುಮಟ್ಟಿಗೆ ಕೇಬಲ್ ಜಾಲದ ಒಳಗೆಲ್ಲೋ ಸೇರಿದ್ದು. ವಾಹಿನಿಯ ಹೆಸರು, ದಿನಾಂಕ, ಹೊತ್ತು ಬರೆದುಕೊಂಡು ಮೊಬೈಲ್‌ನಲ್ಲಿ ಅರ್ಧ ನಿಮಿಷ ಚಿತ್ರೀಕರಿಸಿ. ನಿಮ್ಮ ಎಂಎಸ್‌ಒ ಯಾರು, ದೂರಿನ ಸಂಖ್ಯೆ ಯಾವುದು ಎಂಬುದು ಗ್ರಾಹಕ ಮಾಹಿತಿಗೆಂದು ಮೀಸಲಾದ 999ನೇ ವಾಹಿನಿಯಲ್ಲಿ ಸಿಗಬೇಕು. ಅಲ್ಲಿ ಪರಿಹಾರ ಸಿಗದಿದ್ದರೆ ಅವರದೇ ನೋಡಲ್ ಅಧಿಕಾರಿ ಇದ್ದಾರೆ. ಕೇಬಲ್ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಮತ್ತು ಉಪವಿಭಾಗಾಧಿಕಾರಿ ಅಧಿಕೃತ ಅಧಿಕಾರಿಗಳು, ಏಳನೇ ನಿಯಮದ ಉಲ್ಲಂಘನೆಯನ್ನು ಅವರಿಗೆ ಲಿಖಿತವಾಗಿ ಕೊಡಬಹುದು. ಅರ್ಜಿಯಲ್ಲಿ ‘ಕೇಬಲ್‌ನವರು’ ಎಂದು ಬರೆಯದೆ ಎಂಎಸ್‌ಒ ಕಂಪನಿಯ ಹೆಸರನ್ನೇ ಬರೆಯಿರಿ.